ಸ್ವೆಟರ್ ವಿನ್ಯಾಸಕ್ಕೆ ಯಾವ ನೂಲು: ಚಳ್ಳಕೆರೆಯ ಕುರಿ ಉಣ್ಣೆಯೋ, ಅಕ್ರಿಲಿಕ್ಕೋ?

ದಾವಣಗೆರೆಯಲ್ಲಿದ್ದುಕೊಂಡು ಕೈಹೆಣಿಗೆಯ ಸ್ವೆಟರ್ ವಿನ್ಯಾಸ ಮಾಡಹೊರಟವರು ಮೊದಲು ನೂಲನ್ನು ನಿರ್ಧರಿಸಬೇಕು. ಸುಮಾರು 10 ಸೆಂ.ಮೀ. ಚೌಕದ ಮಾದರಿ ತುಂಡನ್ನು ಹೆಣೆದು, ತೊಳೆದು, ಒಣಗಿಸಿ ಕುಣಿಕೆಗಳನ್ನು ಎಣಿಸಿದ ಮೇಲಷ್ಟೇ ಅಳತೆ ಖಚಿತವಾಗುತ್ತದೆ. ಅಕ್ರಿಲಿಕ್ ಅಗ್ಗ, ಬಣ್ಣಗಳೂ ಹೇರಳ. ಆದರೆ ಬಿಸಿ ಇಸ್ತ್ರಿ ತಗುಲಿದರೆ ಹೆಣಿಗೆ ಜೋತುಬೀಳುತ್ತದೆ. ಮಕ್ಕಳ ಉಡುಪಿಗೆ ಅದೇ ಸಾಕು.

ಚಳ್ಳಕೆರೆಯ ಕಂಬಳಿಗೆ ಬಳಸುವ ದಖ್ಖನಿ ಕುರಿಯ ಉಣ್ಣೆ ಒರಟು, ಕತ್ತಿನ ಬಳಿ ಚುಚ್ಚುತ್ತದೆ, ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ದಟ್ಟವಾಗುತ್ತದೆ. ಆದರೂ ಒದ್ದೆ ಮಾಡಿ, ಹಿಗ್ಗಿಸಿ, ಅಂಚಿಗೆ ಗುಂಡುಸೂಜಿ ಚುಚ್ಚಿಟ್ಟರೆ ಕೊಟ್ಟ ಆಕಾರದಲ್ಲೇ ಒಣಗುವ ಅದರ ಗುಣವೂ, ಬಣ್ಣ ಹಾಕದೆಯೇ ದೊರೆಯುವ ಕಪ್ಪು ಛಾಯೆಯೂ ಅಂಗಿಯ ಮೇಲೆ ತೊಡುವ ದಪ್ಪ ಕೋಟಿಗೆ ಹೇಳಿ ಮಾಡಿಸಿದಂತಿವೆ. ನನ್ನ ಒಲವು ಇದರ ಕಡೆಗೇ. ಮಗ್ಗಕ್ಕಾಗಿ ಹುಣಸೆಬೀಜದ ಗಂಜಿ ಹಾಕಿದ ನೂಲು ಪೆಡಸಾಗಿರುವುದರಿಂದ, ನೇಕಾರರಲ್ಲಿ ಗಂಜಿ ಹಾಕದ ನೂಲನ್ನೇ ಕೇಳಿ ಪಡೆಯಬೇಕು.