ಹೆಬ್ಬೆಟ್ಟು ಒತ್ತಿ ಅಂದ ಏಜೆಂಟ್, ಫ್ರೀಯಾಗಿ ಸಿಕ್ಕ ವಕೀಲರು: ನನ್ನ ಆಕ್ಸಿಡೆಂಟ್ ಕೇಸಿನ ರಿವ್ಯೂ

ಇದು ಕಾನೂನು ಸೇವಾ ಪ್ರಾಧಿಕಾರದವರು ಉಚಿತವಾಗಿ ಕೊಡುವ ವಕೀಲರ ಸೇವೆಯ ರಿವ್ಯೂ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಆಯಿತು ಅಂತ ಆಮೇಲೆ ಹೇಳುತ್ತೇನೆ. ಊರು, ಆಸ್ಪತ್ರೆ, ಇನ್ಶೂರೆನ್ಸ್ ಕಂಪನಿ ಯಾವುದರ ಹೆಸರೂ ಹಾಕುವುದಿಲ್ಲ, ಕಾಮೆಂಟಿನಲ್ಲಿ ಕೇಳಬೇಡಿ.

ನನ್ನದು ಬ್ಲೌಸ್ ಹೊಲಿಯುವ ಚಿಕ್ಕ ಅಂಗಡಿ. 2022ರ ನವೆಂಬರ್‌ನಲ್ಲಿ ತಮ್ಮನ ಸ್ಕೂಟರ್ ಹಿಂದೆ ಕೂತು ಲೈನಿಂಗ್ ಬಟ್ಟೆ ತರಲು ಹೊರಟಿದ್ದೆ. ಮುಂದೆ ಹೋಗುತ್ತಿದ್ದ ಕಾರು ಇಂಡಿಕೇಟರ್ ಹಾಕದೆ ಸಡನ್ನಾಗಿ ಬಲಕ್ಕೆ ತಿರುಗಿತು. ತಮ್ಮನಿಗೆ ಮಂಡಿ ತರಚಿತು ಅಷ್ಟೇ. ನಾನು ಬಲಗೈ ಊರಿ ಬಿದ್ದೆ. ಮಣಿಕಟ್ಟು ಮುರಿದು ಪ್ಲೇಟ್, ಸ್ಕ್ರೂ ಹಾಕಿದರು. ಆಗ ನನಗೆ 38 ವರ್ಷ. ಕಾರ್ತಿಕ ಮಾಸ, ಮದುವೆ ಸೀಸನ್, ಅಂಗಡಿಯಲ್ಲಿ 22 ಬ್ಲೌಸ್ ಬಾಕಿ. ಆಷಾಢದಲ್ಲಾದರೂ ಬಿದ್ದಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಮೂರನೇ ದಿನ ವಾರ್ಡಿಗೇ ಒಬ್ಬ ಬಂದ. ನೀಟಾಗಿ ಇನ್‌ಶರ್ಟ್ ಮಾಡಿದ್ದ, ಕೈಯಲ್ಲಿ ವಿಸಿಟಿಂಗ್ ಕಾರ್ಡ್. ಆಕ್ಸಿಡೆಂಟ್ ಕ್ಲೇಮ್ ಮಾಡಿಸಿಕೊಡುವ ಕನ್ಸಲ್ಟೆನ್ಸಿಯಂತೆ. ನನ್ನ ಬೆಡ್ ನಂಬರ್ ಅವನಿಗೆ ಯಾರು ಹೇಳಿದರೋ ದೇವರಿಗೇ ಗೊತ್ತು. "ಅಕ್ಕಾ ನೀವೇನೂ ತಲೆ ಕೆಡಿಸಿಕೊಳ್ಳಬೇಡಿ, ಪೊಲೀಸು, ಡಾಕ್ಟರು, ಲಾಯರು ಎಲ್ಲಾ ನಮ್ಮೋರೇ, ಬಂದಿದ್ದರಲ್ಲಿ ನಮಗೆ ಮೂವತ್ತು ಪರ್ಸೆಂಟ್" ಅಂದ. ನಾಲ್ಕೈದು ಖಾಲಿ ಹಾಳೆ ತೆಗೆದು ಸಹಿ ಕೇಳಿದ. ಬಲಗೈ ಜೋಲಿಯಲ್ಲಿತ್ತು, ಪೆನ್ನು ಹಿಡಿಯಲು ಎಲ್ಲಿ ಆಗಬೇಕು? ಅವನು ಬ್ಯಾಗಿನಿಂದ ಇಂಕ್ ಪ್ಯಾಡ್ ತೆಗೆದು "ಎಡಗೈ ಹೆಬ್ಬೆಟ್ಟು ಒತ್ತಿಬಿಡಿ" ಅಂದ. ಡಿಗ್ರಿ ಓದಿದವಳು ನಾನು. ನಿಜ ಹೇಳಬೇಕೆಂದರೆ ಮೂವತ್ತು ಪರ್ಸೆಂಟ್ ಅಂದಾಗಲೂ ಅಷ್ಟು ಸಿಟ್ಟು ಬಂದಿರಲಿಲ್ಲ, ಹೆಬ್ಬೆಟ್ಟು ಅಂದಾಗ ಬಂತು. ಹೋಗಿಬನ್ನಿ ಅಂದೆ. ಇಂತಿಷ್ಟು ಪಾಲು ಅಂತ ವಕೀಲರು ಫೀಸ್ ಮಾತಾಡುವುದೇ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ ಅಂತ ಆಮೇಲೆ ಗೊತ್ತಾಯಿತು. ಅವನಿಗೆ ಸೊನ್ನೆ ಸ್ಟಾರ್.

ಉಚಿತ ವಕೀಲರ ವಿಷಯ ಹೇಳಿದ್ದು ನಮ್ಮ ಒಬ್ಬ ಕಸ್ಟಮರ್. ಹೊಲಿಯದೆ ಉಳಿದ ರೇಷ್ಮೆ ಬ್ಲೌಸ್ ಪೀಸ್ ವಾಪಸ್ ತೆಗೆದುಕೊಳ್ಳಲು ಮನೆಗೆ ಬಂದಿದ್ದರು, ಅವರು ಕೋರ್ಟಿನಲ್ಲಿ ಕೆಲಸ ಮಾಡುವವರು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಸರಿ, ಉಚಿತ ವಕೀಲರು ಸಿಗುತ್ತಾರಂತೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಅದು. ಮಕ್ಕಳು, ಎಸ್‌ಸಿ ಎಸ್‌ಟಿಯವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಆದಾಯ ಕಡಿಮೆ ಇರುವವರು ಎಲ್ಲರೂ ಅದರಲ್ಲಿ ಬರುತ್ತಾರೆ. 15100ಕ್ಕೆ ಫೋನ್ ಮಾಡಬಹುದು, ಇಲ್ಲ ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಆಫೀಸಿಗೇ ಹೋಗಬಹುದು. ನಾನು ಹೋದೆ. ಒಂದು ಅರ್ಜಿ, ಆಧಾರ್, ಎಫ್ಐಆರ್ ಕಾಪಿ, ಅಷ್ಟೇ ಕೇಳಿದರು. ಹತ್ತು ದಿನದಲ್ಲಿ ಪ್ಯಾನೆಲ್ ವಕೀಲರ ಹೆಸರು ಬಂತು. ಇಪ್ಪತ್ತು ವರ್ಷ ಅನುಭವ ಇರುವ ಒಬ್ಬರು ಮೇಡಂ. ನಮ್ಮ ಮನೆಯಲ್ಲಿ ಒಬ್ಬರಿಗೂ ಇಷ್ಟವಿರಲಿಲ್ಲ. "ಫ್ರೀ ಲಾಯರ್ ಯಾವತ್ತಾದ್ರೂ ಬಾಯಿ ಬಿಡ್ತಾರಾ" ಅಂದರು ದೊಡ್ಡಪ್ಪ.

ಮೇಡಂ ಮೊದಲು ಕೇಳಿದ್ದು ತಾರೀಖು. 2022ರ ಏಪ್ರಿಲ್ 1ರಿಂದ ಆಕ್ಸಿಡೆಂಟ್ ಆದ ಆರು ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು ಅಂತ ರೂಲ್ ಬಂದಿದೆ. ಅದರ ಮೇಲೆ ಸುಪ್ರೀಂ ಕೋರ್ಟಿನಲ್ಲಿ ತಕರಾರು ನಡೆದಿದೆ, ಆದರೆ ಅದನ್ನು ನಂಬಿಕೊಂಡು ಸುಮ್ನೆ ಕೂರಬೇಡಿ. ನಮ್ಮದು 2023ರ ಏಪ್ರಿಲ್‌ನಲ್ಲಿ ಫೈಲ್ ಆಯಿತು, ಇನ್ನು ಮೂರು ವಾರ ತಡವಾಗಿದ್ದರೆ ಕಷ್ಟವಿತ್ತು. ಈ ಕೇಸಿಗೆ ಎಂವಿಸಿ ಅನ್ನುತ್ತಾರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಡೆಯುತ್ತದೆ. ಪೊಲೀಸರೇ 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ಪೂರ್ತಿ ವರದಿ ಮಂಡಳಿಗೆ ಕೊಡಬೇಕು ಅಂತಲೂ ಅದೇ ವರ್ಷ ರೂಲ್ ಬಂದಿದೆ. ರೂಲ್ ಇದೆ. ಚಾರ್ಜ್‌ಶೀಟ್, ಮಹಜರ್, ಗಾಯದ ಸರ್ಟಿಫಿಕೇಟ್, ಗಾಡಿ ಪರೀಕ್ಷೆಯ ವರದಿ, ಇವೆಲ್ಲ ಕೈಗೆ ಬರಲು ನಾನು ಸ್ಟೇಷನ್ನಿಗೆ ಒಂಬತ್ತು ಸಲ ಹೋಗಿದ್ದೇನೆ.

ಕಾರಿನವನು ಮೊದಲ ದಿನವೇ "ಆಸ್ಪತ್ರೆ ಖರ್ಚು ಕೊಡ್ತೀನಿ, ಕಂಪ್ಲೇಂಟ್ ಬೇಡ" ಅಂದಿದ್ದ. ಆಗ ನಮ್ಮ ತಮ್ಮ ಒಪ್ಪದೇ ಇದ್ದಿದ್ದೇ ಒಳ್ಳೆಯದಾಯಿತು. ಎಫ್ಐಆರ್ ಇಲ್ಲದಿದ್ದರೆ ಪರಿಹಾರ ಕೊಡಬೇಕಾದ ಕಾರಿನ ಇನ್ಶೂರೆನ್ಸ್ ಕಂಪನಿ ಆಕ್ಸಿಡೆಂಟೇ ಆಗಿಲ್ಲ ಅಂತ ಶುರು ಮಾಡುತ್ತದೆ.

ಈಗ ಬಿಲ್ಲಿನ ವಿಷಯ. ಇದನ್ನು ಸ್ವಲ್ಪ ಗಮನ ಇಟ್ಟು ಓದಿ. ಮೆಡಿಕಲ್ ಸ್ಟೋರಿನಲ್ಲಿ ನುಣುಪು ಕಾಗದದಲ್ಲಿ ಬರುತ್ತಲ್ಲ ಬಿಲ್ಲು, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ನಾಲ್ಕು ತಿಂಗಳಾದ ಮೇಲೆ ತೆಗೆದರೆ ಅರ್ಧಕ್ಕರ್ಧ ಬಿಳಿ ಹಾಳೆ! ಅಂಗಡಿ ಹೆಸರೂ ಇಲ್ಲ, ಮೊತ್ತವೂ ಇಲ್ಲ. ಸುಮಾರು 11,000 ರೂಪಾಯಿ ಹಾಗೇ ಅಳಿಸಿಹೋಯಿತು. ಬಂದ ದಿನವೇ ಜೆರಾಕ್ಸ್ ಮಾಡಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಫಿಸಿಯೋಥೆರಪಿಯವರು ಮನೆಗೆ ಬಂದು ಹೋಗುತ್ತಿದ್ದರು, ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ಸೀಲ್ ಇರಲಿಲ್ಲ. ಅದೂ ಲೆಕ್ಕಕ್ಕೆ ಬರಲಿಲ್ಲ. ಮೆಡಿಕ್ಲೇಮ್ ಇರುವವರು ಒರಿಜಿನಲ್ ಬಿಲ್ ಎಲ್ಲವನ್ನೂ ಆ ಕಂಪನಿಗೆ ಕೊಟ್ಟುಬಿಟ್ಟಿರುತ್ತಾರೆ, ಕೊಡುವ ಮೊದಲೇ ಆಸ್ಪತ್ರೆಯಿಂದ ಇನ್ನೊಂದು ಸೆಟ್ ಸೀಲ್ ಹಾಕಿಸಿ ಇಟ್ಟುಕೊಳ್ಳಬೇಕಂತೆ. ಈಗ 2025ರ ಮೇ ತಿಂಗಳಿಂದ ರಸ್ತೆ ಅಪಘಾತದವರಿಗೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಕ್ಯಾಶ್‌ಲೆಸ್ ಚಿಕಿತ್ಸೆಯ ಯೋಜನೆ ಬಂದಿದೆ. ನಮ್ಮ ಕಾಲಕ್ಕೆ ಅದಿರಲಿಲ್ಲ, ನನ್ನ ಎರಡು ಬಳೆ ಅಡ ಹೋದವು.

ಆದಾಯ ತೋರಿಸುವುದು ದೊಡ್ಡ ತಲೆನೋವು. ಐಟಿ ರಿಟರ್ನ್ ಇಲ್ಲ, ಸಂಬಳದ ಚೀಟಿ ಇಲ್ಲ, ಮುಕ್ಕಾಲು ಪಾಲು ಕ್ಯಾಶ್. ಮೇಡಂ "ನಿಮ್ಮ ಆರ್ಡರ್ ಬುಕ್ ತನ್ನಿ" ಅಂದರು. ಟೈಲರ್‌ಗಳಿಗೆ ಗೊತ್ತಿರುತ್ತೆ, ನಾವು ಪ್ರತಿ ಪುಟದಲ್ಲಿ ಅಳತೆ ಬರೆದು ಪಕ್ಕದಲ್ಲಿ ಬಟ್ಟೆಯ ಚೂರು ಪಿನ್ ಮಾಡಿರುತ್ತೇವೆ, ಅದಲುಬದಲು ಆಗದಿರಲಿ ಅಂತ. ಮೂರು ವರ್ಷದ ಐದು ಪುಸ್ತಕ ತೆಗೆದುಕೊಂಡು ಹೋದೆ. ಮೇಡಂ ಆಫೀಸಿನ ಟೇಬಲ್ ಮೇಲೆ ಜರಿ ಚೂರು ಉದುರಿದವು. ಅವರು ಒಂದೊಂದೇ ಪುಟ ತಿರುಗಿಸಿ ತಿಂಗಳಿಗೆ ಎಷ್ಟು ಬ್ಲೌಸ್, ಕುಚ್ಚು ಎಷ್ಟು, ಫಾಲ್ಸ್ ಎಷ್ಟು ಅಂತ ಕೂಡಿಸಿದರು, ಒಂದಿಡೀ ಸಂಜೆ. ದುಡ್ಡು ತೆಗೆದುಕೊಂಡ ವಕೀಲರೂ ಇಷ್ಟು ಮಾಡುತ್ತಾರೋ ಇಲ್ಲವೋ. ನಾಲ್ಕು ಸ್ಟಾರಿನಲ್ಲಿ ಎರಡು ಆ ಸಂಜೆಗೇ.

ಲೆಕ್ಕ ತಿಂಗಳಿಗೆ 26,000 ಚಿಲ್ಲರೆ ಬಂತು. ಮಂಡಳಿ ಅಷ್ಟು ಒಪ್ಪಲಿಲ್ಲ ಅನ್ನಿ. ಆದಾಯಕ್ಕೆ ಗಟ್ಟಿ ದಾಖಲೆ ಇಲ್ಲದಿದ್ದಾಗ ಲೋಕ ಅದಾಲತ್‌ಗೆ ಅಂತ ಮಾಡಿರುವ ಒಂದು ಅಂದಾಜು ಪಟ್ಟಿ ನೋಡುತ್ತಾರೆ, ಆಕ್ಸಿಡೆಂಟ್ ಆದ ವರ್ಷಕ್ಕೆ ತಕ್ಕಂತೆ ತಿಂಗಳಿಗೆ ಇಷ್ಟು ಅಂತ. ನನಗೆ ತಿಂಗಳಿಗೆ 15,500 ಹಿಡಿದರು. ಪುಸ್ತಕ ವೇಸ್ಟ್ ಆಯಿತು ಅಂದುಕೊಂಡೆ. ಆಗಲಿಲ್ಲ, ಪಾಟಿ ಸವಾಲಿನಲ್ಲಿ ಕೆಲಸಕ್ಕೆ ಬಂತು.

ಇನ್ಶೂರೆನ್ಸ್ ಕಡೆ ವಕೀಲರು ಕೇಳಿದರು, "ಈಗಲೂ ಅಂಗಡಿ ನಡೆಸುತ್ತಿದ್ದೀರಿ, ಹೌದು ತಾನೆ?" ಹೌದು ಸ್ವಾಮಿ ಅಂದೆ. "ಮೋಟಾರ್ ಮಷೀನು. ಕಾಲಲ್ಲಿ ಒತ್ತಿದರೆ ಓಡುತ್ತದೆ. ಕೈಗೆ ಅಂಥಾ ಕೆಲಸವೇನೂ ಇಲ್ಲ?" ನನಗೆ ತಡೆಯಲಾಗಲಿಲ್ಲ. "ಕತ್ತರಿ ಕಾಲಲ್ಲಿ ಹಿಡಿಯೋಕಾಗಲ್ಲ ಸ್ವಾಮಿ" ಅಂದುಬಿಟ್ಟೆ. ಮೇಡಂ ಕಣ್ಣಲ್ಲೇ ಗದರಿಸಿದರು. ಆಮೇಲೆ ಆಕ್ಸಿಡೆಂಟಿಗೆ ಮುಂಚಿನ ಪುಸ್ತಕ, ಆಮೇಲಿನ ಪುಸ್ತಕ ಎರಡನ್ನೂ ತೋರಿಸಿದರು. ಮೊದಲಿನದರಲ್ಲಿ ಎಲ್ಲಾ ನನ್ನ ಕೈಬರಹ. ಎರಡನೆಯದರಲ್ಲಿ ಅಳತೆ ಬರೆದಿದ್ದು, ಕಟಿಂಗ್ ಮಾಡಿದ್ದು ಕೆಲಸಕ್ಕಿಟ್ಟ ಹುಡುಗಿ. ತಿಂಗಳಿಗೆ ಅವಳಿಗೆ ಕೊಟ್ಟ ದುಡ್ಡೂ ಅಲ್ಲೇ ಇತ್ತು. ನನ್ನ ಮಣಿಕಟ್ಟು ಪೂರ್ತಿ ಮಡಚುವುದಿಲ್ಲ, ದಪ್ಪ ಬಟ್ಟೆ ಎರಡು ಪದರ ಆದರೆ ಹೆಬ್ಬೆರಳಿಗೆ ಬಲವೇ ಬರುವುದಿಲ್ಲ.

ಪರ್ಸೆಂಟ್ ಲೆಕ್ಕ ಹೀಗೆ. ಡಾಕ್ಟರು ಬಲಗೈಗೆ 36 ಪರ್ಸೆಂಟ್ ಊನ ಅಂದರು. ನಮ್ಮ ಕಡೆ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ, ಅಂದರೆ 12. ಆದರೆ ಕೈಗೆ ಎಷ್ಟು ಊನ ಅನ್ನುವುದಲ್ಲ, ಆ ಮನುಷ್ಯನ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆಯಂತೆ. ಮೇಡಂ ಅದನ್ನೇ ಹಿಡಿದು ವಾದ ಮಾಡಿದರು, ಟೈಲರ್‌ಗೆ ಬಲಗೈ ಅಂದರೆ ಏನು ಅಂತ. ಮಂಡಳಿ 15 ಮಾಡಿತು. ವರ್ಷಕ್ಕೆ 1,86,000, ನನ್ನ ವಯಸ್ಸಿಗೆ 15ರಿಂದ ಗುಣಿಸುತ್ತಾರೆ (36ರಿಂದ 40 ವಯಸ್ಸಿನವರಿಗೆ ಅಷ್ಟು), ಅದರಲ್ಲಿ 15 ಪರ್ಸೆಂಟ್ ಅಂದರೆ 4,18,500. 12ಕ್ಕೇ ನಿಂತಿದ್ದರೆ 3,34,800. ಆ ಮೂರು ಪರ್ಸೆಂಟಿಗೆ 83,700 ರೂಪಾಯಿ ವ್ಯತ್ಯಾಸ, ನೋಡಿ.

ಸ್ಕೂಟರ್ ಓಡಿಸಿದ ತಮ್ಮನದೂ ತಪ್ಪಿದೆ ಅಂತ ಕಂಪನಿ ಒಂದು ಪಟ್ಟು ಹಾಕಿತ್ತು. ಹಿಂದೆ ಕೂತವರಿಗೆ ಅದು ಅಷ್ಟು ತಾಗುವುದಿಲ್ಲ. ಎರಡೂ ಗಾಡಿಯವರ ತಪ್ಪಿದ್ದರೂ ಪೂರ್ತಿ ಪರಿಹಾರವನ್ನು ಒಬ್ಬರಿಂದಲೇ ಕೇಳಬಹುದು ಅಂತ 2015ರ ತೀರ್ಪಿದೆ. ಅದು ಅಲ್ಲಿಗೇ ಬಿತ್ತು.

ಉಳಿದಿದ್ದು ನೋವಿಗೆ 50,000, ನಾಲ್ಕು ತಿಂಗಳು ಮನೆಯಲ್ಲಿ ಕೂತಿದ್ದಕ್ಕೆ 62,000, ಆಸ್ಪತ್ರೆ ಬಿಲ್ಲು 1,38,400, ಊಟಕ್ಕೆ, ಓಡಾಟಕ್ಕೆ, ನೋಡಿಕೊಂಡವರಿಗೆ ಅಂತ 25,000, ಬದುಕಿನ ಸೌಕರ್ಯ ಕಳೆದುಕೊಂಡಿದ್ದಕ್ಕೆ 40,000. ಎಲ್ಲಾ ಸೇರಿ 7,33,900, ಅರ್ಜಿ ಹಾಕಿದ ದಿನದಿಂದ 6 ಪರ್ಸೆಂಟ್ ಬಡ್ಡಿ. ಆ ಹೆಬ್ಬೆಟ್ಟು ಏಜೆಂಟ್ ಇದ್ದಿದ್ದರೆ ಬಡ್ಡಿ ಬಿಟ್ಟೇ 2,20,000 ಅವನ ಜೇಬಿಗೆ.

ಮಧ್ಯದಲ್ಲಿ, 2024ರಲ್ಲಿ, ಲೋಕ ಅದಾಲತ್‌ನಲ್ಲಿ ಕಂಪನಿಯವರು 4,50,000ಕ್ಕೆ ಮುಗಿಸೋಣ ಅಂದಿದ್ದರು. ಮೇಡಂ ಒತ್ತಾಯ ಮಾಡಲಿಲ್ಲ. "ಇಲ್ಲಿ ಒಪ್ಪಿಕೊಂಡರೆ ಮೇಲೆ ಅಪೀಲ್ ಇಲ್ಲ, ಅವರಿಗೂ ಇಲ್ಲ ನಿಮಗೂ ಇಲ್ಲ, ದುಡ್ಡು ಬೇಗ ಬರುತ್ತೆ, ಯೋಚನೆ ಮಾಡಿ ಹೇಳಿ" ಅಂದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾನು ಬೇಡ ಅಂದೆ. ಅದೇ ದಿನ ನಮ್ಮ ಪಕ್ಕದಲ್ಲಿ ಕೂತಿದ್ದ ಒಬ್ಬರು ಯಜಮಾನರು 60 ದಾಟಿದವರು, ಒಪ್ಪಿಕೊಂಡು ಹೋದರು. ಅವರ ವಯಸ್ಸಿಗೆ, ಅವರಿಗಿದ್ದ ಸಾಲಕ್ಕೆ ಅದೇ ಸರಿ ಅನಿಸುತ್ತೆ, ನನ್ನದನ್ನು ನೋಡಿ ಎಲ್ಲರೂ ಬೇಡ ಅನ್ನಬೇಡಿ.

ಈಗ ಕಟ್ ಆದ ಸ್ಟಾರ್. ಮೇಡಂಗೆ ಕೇಸು ಜಾಸ್ತಿ. ಫೋನ್ ಎತ್ತುವುದು ಅಪರೂಪ. ಎರಡು ವಾಯ್ದೆಗೆ ಜೂನಿಯರ್ ಹುಡುಗ ಬಂದ, ಫೈಲೇ ಓದಿರಲಿಲ್ಲ, ಸುಮ್ನೆ ಡೇಟ್ ತೆಗೆದುಕೊಂಡು ಹೋದ. ಅಂಗಡಿ ಮುಚ್ಚಿ ಹೋಗಿ ಹನ್ನೊಂದರಿಂದ ನಾಲ್ಕರ ತನಕ ಬೆಂಚಿನ ಮೇಲೆ ಕೂತು ಬರುವುದು, ಆ ಸಂಕಟ ಅನುಭವಿಸಿದವರಿಗೇ ಗೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಚಾರ್ಜಾದರೂ ಉಳಿಯಿತು. ಇನ್ನೊಂದು, ನನಗೆ ಉಚಿತ ಆಗಿದ್ದು ವಕೀಲರ ಫೀಸ್, ಕೋರ್ಟ್ ಫೀಸ್ ಮಾತ್ರ. ಸಾಕ್ಷಿ ಹೇಳಲು ಬಂದ ಡಾಕ್ಟರಿಗೆ ನಾನೇ ಕೊಟ್ಟೆ. ಮೊದಲೇ ಹೇಳಿದ್ದರೆ ಬೇಜಾರಾಗುತ್ತಿರಲಿಲ್ಲ, ಹಿಂದಿನ ದಿನ ರಾತ್ರಿ ಹೇಳಿದರು.

ತೀರ್ಪು 2025ರ ಆಗಸ್ಟ್‌ನಲ್ಲಿ ಬಂತು. ಕಂಪನಿ 30 ದಿನದಲ್ಲಿ ಕಟ್ಟಬೇಕಿತ್ತು, ಮೂರು ತಿಂಗಳು ಮಾಡಿತು. ಕೊನೆಗೆ ಅಪೀಲ್ ಹೋಗಲಿಲ್ಲ, ಅದೇ ಪುಣ್ಯ. ಬಳೆ ಬಿಡಿಸಿದೆ. ಮೂರು ವರ್ಷದ ಬಡ್ಡಿ ಯಾರ ಲೆಕ್ಕದಲ್ಲೂ ಬರಲಿಲ್ಲ. ಆ 22 ಬ್ಲೌಸಿನವರಲ್ಲಿ ವಾಪಸ್ ಬಂದವರು ಎಂಟೇ ಜನ, ಮಿಕ್ಕವರು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಒಗ್ಗಿಕೊಂಡರು. ಅದೂ ಲೆಕ್ಕದಲ್ಲಿಲ್ಲ. ಅದಕ್ಕೆ ಯಾವ ಬಿಲ್ಲು ತೋರಿಸಲಿ?

ಪರಿಹಾರದಲ್ಲಿ 40 ಪರ್ಸೆಂಟ್ ದುಡ್ಡನ್ನು ಮಂಡಳಿ ನನ್ನ ಹೆಸರಿನಲ್ಲಿ ಮೂರು ವರ್ಷಕ್ಕೆ ಎಫ್‌ಡಿ ಇಡಿಸಿದೆ. ನನಗೆ ಈಗ ಪವರ್ ಕಟಿಂಗ್ ಮಷೀನ್ ತೆಗೆದುಕೊಳ್ಳಬೇಕು, ಕತ್ತರಿ ಹಿಡಿಯುವ ಕಷ್ಟ ತಪ್ಪುತ್ತೆ. ಕಾರಣ ತೋರಿಸಿ ಅರ್ಜಿ ಕೊಟ್ಟರೆ ಅವಧಿಗೆ ಮುಂಚೆ ಬಿಡುತ್ತಾರೆ ಅಂತ ಮೇಡಂ ಹೇಳಿದ್ದಾರೆ. ಹಾಗೆ ಬಿಡಿಸಿಕೊಂಡವರು ಯಾರಾದರೂ ಇದ್ದರೆ ಎಷ್ಟು ದಿನ ಹಿಡಿಯಿತು, ಮಷೀನಿನ ಕೊಟೇಶನ್ ಸಾಕಾ ಇಲ್ಲ ಬೇರೆ ಏನಾದರೂ ಕೇಳಿದರಾ ಅಂತ ಕೆಳಗೆ ಬರೆಯಿರಿ.