ಟ್ರ್ಯಾಕ್ ಡೇ, ಗೋ-ಕಾರ್ಟ್ ಟ್ರ್ಯಾಕ್, ರೈಡಿಂಗ್ ಶಾಲೆ: ಮೂರಕ್ಕೂ ಹೋಗಿ ಬಂದ ಮೇಲೆ

ಚಿಕ್ಕಪ್ಪನ ಮಗ ಹೋದ ತಿಂಗಳು ಫೋನ್ ಮಾಡಿದ್ದ. "ಅಣ್ಣ, ಕೈಯಲ್ಲಿ ಸ್ವಲ್ಪ ದುಡ್ಡಿದೆ. ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸ್ಲಾ, ಇಲ್ಲಾ ಟ್ರ್ಯಾಕ್ ಸ್ಕೂಲಿಗೆ ಹೋಗ್ಲಾ?" ಶಾಲೆಗೆ ಹೋಗು ಅಂದೆ. ಆಮೇಲೆ ಅವನು ಇನ್ನೊಂದು ಕೇಳಿದ. "ಸ್ಕೂಲ್ ಯಾಕೆ, ಟ್ರ್ಯಾಕ್ ಡೇಗೆ ಹೋದ್ರೆ ಅರ್ಧ ದುಡ್ಡಲ್ಲಿ ಮುಗಿಯುತ್ತಲ್ವಾ?" ಎರಡು ವರ್ಷದ ಹಿಂದೆ ನಾನೂ ಹೀಗೇ ಯೋಚಿಸಿದ್ದೆ. ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ನಮ್ಮದೇ ಬೈಕ್ ಓಡಿಸಲು ಬಿಡುವ ಟ್ರ್ಯಾಕ್ ಡೇ, ಸಣ್ಣ ಗೋ-ಕಾರ್ಟ್ ಟ್ರ್ಯಾಕಿನಲ್ಲಿ ನಡೆಯುವ ಬೈಕ್ ಕ್ಲಾಸು, ರೇಸ್ ಟ್ರ್ಯಾಕಿನಲ್ಲೇ ಬೈಕ್ ಓಡಿಸುವುದನ್ನು ಕಲಿಸುವ ಶಾಲೆ, ಈ ಮೂರಕ್ಕೂ ದುಡ್ಡು ಕೊಟ್ಟು ಹೋಗಿಬಂದ ಅನುಭವ ಬರೆಯುತ್ತಿದ್ದೇನೆ. ಶಾಲೆಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಮುಚ್ಚಿಡುವುದಿಲ್ಲ.

ನನ್ನ ಹತ್ತಿರ ಇರುವುದು ಒಂದೇ ಬೈಕ್, ಪಲ್ಸರ್ ಎನ್‌ಎಸ್ 200. ದಿನಾ ಆಫೀಸಿಗೂ ಅದೇ, ವರ್ಷಕ್ಕೆ ಮೂರ್ನಾಲ್ಕು ಸಲ ಘಾಟಿ ಕಡೆ ಹೋಗುವುದಕ್ಕೂ ಅದೇ. ಕಲಿಯಬೇಕು ಅನ್ನಿಸಿದ್ದು ಚಾರ್ಮಾಡಿಯಲ್ಲಿ. ಒಂದು ಎಡ ತಿರುವು, ನೋಡಿದಾಗ ಸಲೀಸು ಅನ್ನಿಸಿತು. ಒಳಗೆ ಹೋದ ಮೇಲೆ ಇನ್ನೂ ಬಿಗಿಯಾಯಿತು. ನಾನು ಗಾಬರಿಯಲ್ಲಿ ಥ್ರಾಟಲ್ (ಬಲಗೈಯ ಆಕ್ಸಿಲರೇಟರ್) ಪೂರ್ತಿ ಬಿಟ್ಟೆ, ಕೈ ಬಿಗಿಯಾಯಿತು. ಬೈಕ್ ಹಳದಿ ಗೆರೆ ದಾಟಿ ಎದುರಿನ ಲೇನಿಗೆ ಹೋಗಿ ನಿಂತಿತು. ಆ ಹೊತ್ತಿಗೆ ಎದುರಿನಿಂದ ಯಾವ ಗಾಡಿಯೂ ಬರಲಿಲ್ಲ. ಕೊಟ್ಟಿಗೆಹಾರದಲ್ಲಿ ಚಹಾ ಲೋಟ ಹಿಡಿದಾಗಲೂ ಕೈ ನಡುಗುತ್ತಿತ್ತು.

ಮೊದಲು ಹೋಗಿದ್ದು ಟ್ರ್ಯಾಕ್ ಡೇಗೆ. ಬೆಂಗಳೂರಿನಿಂದ ಹೋಗುವಾಗ ಚೆನ್ನೈಗೆ ಮುಂಚೆ, ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ಇರುವ ರೇಸ್ ಟ್ರ್ಯಾಕ್ ಅದು. 3.717 ಕಿ.ಮೀ. ಉದ್ದ, 12 ತಿರುವು. ತಿರುವುಗಳನ್ನು ಅಲ್ಲಿ ಸಿ1, ಸಿ2 ಅಂತ ಕರೆಯುತ್ತಾರೆ. ಬೆಳಿಗ್ಗೆ ಬಾವುಟಗಳ ಅರ್ಥ ಹೇಳಿಕೊಟ್ಟರು, ವೇಗ ನೋಡಿ ಗುಂಪು ಮಾಡಿದರು, ಆಮೇಲೆ ಬಿಟ್ಟರು. 20 ನಿಮಿಷದ ನಾಲ್ಕು ಸರದಿ. ಖುಷಿಗೆ ಏನೂ ಕಮ್ಮಿ ಇಲ್ಲ. ಎದುರಿಗೆ ಲಾರಿ ಇಲ್ಲ, ನಾಯಿ ಇಲ್ಲ, ಹಂಪ್ ಇಲ್ಲ. ಮುಖ್ಯ ನೇರದಾರಿಯಲ್ಲಿ ಬೈಕಿಗೆ ಇರುವಷ್ಟು ಜೀವವೆಲ್ಲ ಹೊರಗೆ ಬಂತು.

ಆದರೆ ಸಂಜೆ ಗೆಳೆಯ ತೆಗೆದ ವಿಡಿಯೊ ನೋಡಿ ಮನಸ್ಸು ಕುಗ್ಗಿತು. ಪ್ರತಿ ತಿರುವಿನ ಮಧ್ಯದಲ್ಲೂ ಬೈಕಿನ ಮುಂಭಾಗ ಒಂದು ಸಲ ಕುಕ್ಕುತ್ತಿತ್ತು. ಪ್ರತಿ ತಿರುವಿನಲ್ಲೂ ನಾನು ಥ್ರಾಟಲ್ ಬಿಡುತ್ತಿದ್ದೆ. ಆ ದಿನ ಸುಮಾರು 28 ಸುತ್ತು ಹೊಡೆದಿದ್ದೆ. ಸುತ್ತಿಗೆ 12 ತಿರುವು ಅಂದರೆ ಮುನ್ನೂರಕ್ಕೂ ಜಾಸ್ತಿ ಸಲ. ಚಾರ್ಮಾಡಿಯ ಅದೇ ತಪ್ಪನ್ನು ದುಡ್ಡು ಕೊಟ್ಟು ಅಭ್ಯಾಸ ಮಾಡಿ ಬಂದಿದ್ದೆ. ಇಡೀ ದಿನದಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ. ಹೇಳುವುದು ಅವರ ಕೆಲಸವೂ ಅಲ್ಲ. ಟ್ರ್ಯಾಕ್ ಡೇ ಅಂದರೆ ಜಾಗ ಕೊಡುತ್ತಾರೆ, ಅಷ್ಟೇ.

ಗೋ-ಕಾರ್ಟ್ ಟ್ರ್ಯಾಕಿನ ಕ್ಲಾಸು ಬೆಂಗಳೂರಿನ ಹೊರಗೇ ಇತ್ತು, ಒಂದು ದಿನದ್ದು. ಇದರ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ಎರಡನೇ ಗೇರು, ಮೂರನೇ ಗೇರು, ಅದಕ್ಕಿಂತ ಜಾಸ್ತಿ ಇಲ್ಲ. ವೇಗ ಕಮ್ಮಿ, ಹಾಗಾಗಿ ಹೆದರಿಕೆಯೂ ಕಮ್ಮಿ. ತಿರುವಿನ ಕೊನೆಯನ್ನು ಮೊದಲೇ ನೋಡುವುದು ನನಗೆ ಬಂದಿದ್ದು ಇಲ್ಲಿ. ಕಣ್ಣು ಎಲ್ಲಿ ನೆಟ್ಟಿರುತ್ತದೋ ಬೈಕ್ ಅಲ್ಲಿಗೇ ಹೋಗುತ್ತದೆ ಅನ್ನುವುದು ಆ ಇಕ್ಕಟ್ಟಿನಲ್ಲಿ ಬೇಗ ಅರ್ಥವಾಗುತ್ತದೆ. ನಮ್ಮದೇ ಜಾಕೆಟ್ಟು, ಮೊಣಕಾಲಿನ ಗಾರ್ಡು ಸಾಕು. ಸಂಜೆ ಆರಕ್ಕೆ ಮನೆ. ಕೊರತೆ ಒಂದೇ. ವೇಗದಲ್ಲಿ ಬಂದು ತಿರುವಿಗೆ ಎಷ್ಟು ವೇಗ ಬೇಕು ಅಂತ ತೀರ್ಮಾನ ಮಾಡುವ ಸಂದರ್ಭವೇ ಅಲ್ಲಿ ಬರುವುದಿಲ್ಲ. ನನ್ನ ತೊಂದರೆ ಇದ್ದಿದ್ದೇ ಅಲ್ಲಿ.

ಇನ್ನು ಶಾಲೆ. ಎರಡು ದಿನ, ಅದೇ ಚೆನ್ನೈ ಟ್ರ್ಯಾಕು. ಒಂದು ಸರದಿ ತರಗತಿ, ಒಂದು ಸರದಿ ಟ್ರ್ಯಾಕು, ಆಮೇಲೆ ಕೋಚ್ ಜತೆ ಮಾತು. ಒಂದು ಸರದಿಗೆ ಒಂದೇ ಪಾಠ. ಮೊದಲ ಪಾಠ ಕೇಳಿದಾಗ ವಿಚಿತ್ರ ಅನ್ನಿಸಿತು. ಒಂದೇ ಗೇರಿನಲ್ಲಿ ಓಡಿಸಬೇಕು, ಬ್ರೇಕ್ ಮುಟ್ಟಬಾರದು. ಬ್ರೇಕ್ ಇಲ್ಲ ಅಂದ ತಕ್ಷಣ ತಿರುವಿಗೆ ಎಷ್ಟು ವೇಗದಲ್ಲಿ ಬರಬೇಕು ಅನ್ನುವುದನ್ನು ಮೊದಲೇ ಅಂದಾಜು ಮಾಡಲೇಬೇಕಾಗುತ್ತದೆ. ಉಳಿದ ಗಮನವೆಲ್ಲ ಬಲಗೈ ಮೇಲೆ. ಬೈಕ್ ತಿರುಗಿದ ಮೇಲೆ ಥ್ರಾಟಲನ್ನು ನಿಧಾನಕ್ಕೆ, ಎಲ್ಲೂ ನಿಲ್ಲಿಸದೆ, ತಿರುವು ಮುಗಿಯುವ ತನಕ ತೆರೆಯುತ್ತಾ ಹೋಗಬೇಕು. ಆಗ ಭಾರ ಹಿಂದಕ್ಕೆ ಸರಿಯುತ್ತದೆ. ಮುಂದೆ 40, ಹಿಂದೆ 60 ಪಾಲು ಇರುವಂತೆ ನೋಡಿಕೊಳ್ಳಿ ಅಂತ ಬೋರ್ಡಿನ ಮೇಲೆ ಬರೆದರು. ಹಿಂದಿನ ಟೈರು ಅಗಲ, ಅದು ತಡೆಯುತ್ತದೆ. ನಾನು ಥ್ರಾಟಲ್ ಬಿಟ್ಟಾಗ ಆ ಭಾರವನ್ನೆಲ್ಲ ಸಣ್ಣ ಮುಂದಿನ ಟೈರಿನ ಮೇಲೆ ಹೇರುತ್ತಿದ್ದೆ. ವಿಡಿಯೊದಲ್ಲಿ ಕಂಡ ಆ ಕುಕ್ಕು ಅದೇ.

ಈ ಪಾಠಗಳ ಕ್ರಮ ಹೊಸದೇನಲ್ಲ. ಕೀತ್ ಕೋಡ್ 1980ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಹಾಕಿಕೊಟ್ಟ ದಾರಿ ಇದು. ಆ ಶಾಲೆ ಚೆನ್ನೈ ಟ್ರ್ಯಾಕಿಗೆ ಮೊದಲು ಬಂದಿದ್ದು 2010ರಲ್ಲಿ. ಥ್ರಾಟಲ್ ಆದ ಮೇಲೆ ಎಲ್ಲಿ ತಿರುಗಬೇಕು ಅನ್ನುವ ಪಾಠ, ಅದಕ್ಕೆ ರಸ್ತೆಯ ಮೇಲೇ ಗುರುತು ಹಾಕಿರುತ್ತಾರೆ. ಆಮೇಲೆ ಬೇಗ ತಿರುಗಿಸುವ ಪಾಠ. ಬಲಕ್ಕೆ ಹೋಗಬೇಕಾದರೆ ಬಲಗಡೆಯ ಹ್ಯಾಂಡಲನ್ನೇ ಮುಂದಕ್ಕೆ ಒತ್ತಬೇಕು. 15 ವರ್ಷ ಬೈಕ್ ಓಡಿಸಿದ್ದೇನೆ, ಇದನ್ನು ಗೊತ್ತಿದ್ದು ಮಾಡಿದ್ದು ಅವತ್ತೇ ಮೊದಲು.

ನನ್ನ ಪಾಲಿಗೆ ದುಡ್ಡಿಗೆ ಬೆಲೆ ಬಂದಿದ್ದು ಮೊದಲ ದಿನದ ಎರಡನೇ ಸರದಿ ಆದ ಮೇಲೆ. ಕೋಚ್ ನನ್ನ ಹಿಂದೆ ಎರಡು ಸುತ್ತು ಬಂದು, ಮುಂದೆ ಹೋಗಿ, ತಮ್ಮ ಸೀಟಿನ ಹಿಂಭಾಗ ತಟ್ಟಿ 'ಹಿಂದೆ ಬನ್ನಿ' ಅಂತ ಸನ್ನೆ ಮಾಡಿದ್ದರು. ಹೊರಗೆ ಬಂದ ಮೇಲೆ ತಪ್ಪು ಎಣಿಸಲಿಲ್ಲ. "ಸಿ4ನಲ್ಲಿ ಥ್ರಾಟಲ್ ಎಲ್ಲಿ ತೆರೆದಿರಿ ಸರ್?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. "ಮುಂದಿನ ಸಲ ಅದೊಂದನ್ನೇ ನೋಡಿಕೊಂಡು ಬನ್ನಿ, ವೇಗ ಬೇಡ" ಅಂದರು. ನೋಡಿಕೊಂಡು ಬಂದೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಆ ಕುಕ್ಕು ನಿಂತಿತ್ತು.

ಈಗ ತೊಂದರೆಯ ವಿಷಯ. ಲೆದರ್ ಸೂಟು. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಶಾಲೆಯ ನಿಯಮ ಖಡಕ್. ಪೂರ್ತಿ ಲೆದರ್ ಸೂಟು ಬೇಕು. ಎರಡು ತುಂಡಿನದಾದರೆ ಸೊಂಟದ ಸುತ್ತ ಜಿಪ್ ಸೇರಬೇಕು. ನನ್ನ ಮೆಶ್ ಜಾಕೆಟ್ಟು, ರೈಡಿಂಗ್ ಜೀನ್ಸು ನಡೆಯುವುದಿಲ್ಲ. ಹೊಸ ಸೂಟು ಕೊಳ್ಳುವ ಶಕ್ತಿ ನನಗಿರಲಿಲ್ಲ, ಬೆಂಗಳೂರಿನಲ್ಲಿ ಬಾಡಿಗೆಗೆ ತಂದೆ. ಅಂಗಡಿಯಲ್ಲಿ 52 ನಂಬರಿನದು ಹಾಕಿ ನಿಂತೆ. ಬೆನ್ನು ಎಳೆಯಿತು, ನೆಟ್ಟಗೆ ನಿಲ್ಲಲು ಆಗಲಿಲ್ಲ. ಚಿಕ್ಕದಾಯಿತು ಅಂದುಕೊಂಡು 54 ತೆಗೆದುಕೊಂಡೆ. ಅಂಗಡಿಯವರೂ "ಇದೇ ಸರಿ ಇದೆ ಸರ್" ಅಂದರು. ತಪ್ಪಾಗಿದ್ದು ಇಲ್ಲೇ. ಆ ಸೂಟು ಹೊಲಿದಿರುವುದು ಬೈಕಿನ ಮೇಲೆ ಬಗ್ಗಿ ಕೂರುವವರ ಅಳತೆಗೆ. ನಿಂತಾಗ ಹಿತವಾಗಿದೆ ಅಂದರೆ ಕೂತಾಗ ದೊಡ್ಡದು ಅಂತಲೇ ಅರ್ಥ. ಟ್ರ್ಯಾಕಿನಲ್ಲಿ ಕೂತರೆ ಹೊಟ್ಟೆಯ ಹತ್ತಿರ ಲೆದರ್ ಮಡಿಕೆ ಬಿತ್ತು, ಮೊಣಕಾಲಿನ ಪ್ಯಾಡು ಜಾರಿ ಮೊಣಕಾಲಿನ ಕೆಳಗೆ ಬಂತು. ಬಿದ್ದರೆ ಏಟು ತಡೆಯಬೇಕಾದ ಜಾಗದಲ್ಲಿ ಪ್ಯಾಡೇ ಇಲ್ಲ. ಪ್ರತಿ ಸರದಿಗೂ ಮುಂಚೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ.

ಎರಡನೆಯದು ಬೆವರು. ಚೆನ್ನೈ ಸೆಕೆ ಗೊತ್ತಲ್ವಾ. ಒಳಗೆ ಹತ್ತಿ ಬನಿಯನ್ ಹಾಕಿದ್ದೆ. ಊಟಕ್ಕೆ ಸೂಟು ಸೊಂಟದ ತನಕ ಇಳಿಸಿ ಕೂತೆ. ಊಟ ಆದ ಮೇಲೆ ತೋಳು ಒಳಗೆ ಹೋಗಲೇ ಇಲ್ಲ. ಒದ್ದೆ ಬನಿಯನ್, ಒದ್ದೆ ಲೆದರ್, ಎರಡೂ ಅಂಟಿಕೊಂಡು ಬಿಟ್ಟಿವೆ. ಇಬ್ಬರು ಹಿಡಿದು ಎಳೆದರು. ಅಷ್ಟರಲ್ಲಿ ನನ್ನ ಗುಂಪು ಟ್ರ್ಯಾಕಿಗೆ ಹೋಗಿ ಏಳೆಂಟು ನಿಮಿಷ ಆಗಿತ್ತು. 20 ನಿಮಿಷದ ಸರದಿಯಲ್ಲಿ ಅದು ಸಣ್ಣ ನಷ್ಟವಲ್ಲ. ಪಕ್ಕದ ಪಿಟ್‌ನಲ್ಲಿ, ಅಂದರೆ ಬೈಕ್ ನಿಲ್ಲಿಸುವ ಜಾಗದಲ್ಲಿ, ಇದ್ದ ಮಧುರೈ ಹುಡುಗ ತನ್ನ ತೆಳ್ಳಗಿನ ಪಾಲಿಯೆಸ್ಟರ್ ಇನ್ನರ್ ತೋರಿಸಿದ. ಉದ್ದ ತೋಳು, ಉದ್ದ ಕಾಲು. ಅದರ ಮೇಲೆ ಲೆದರ್ ಸಲೀಸಾಗಿ ಜಾರುತ್ತದೆ. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಎರಡು ಜೊತೆ ಇರಲಿ, ಮಧ್ಯಾಹ್ನ ಬದಲಿಸಬೇಕು.

ಮೂರನೆಯದು ಡೆಪಾಸಿಟ್. ಸೂಟು ವಾಪಸ್ ಕೊಟ್ಟಾಗ ಬಲ ಮೊಣಕೈ ಹತ್ತಿರ ಗೀರಿದೆ ಅಂತ 3,000 ರೂಪಾಯಿ ಹಿಡಿದುಕೊಂಡರು. ನಾನು ಎರಡು ದಿನದಲ್ಲಿ ಒಂದು ಸಲವೂ ಬಿದ್ದಿಲ್ಲ. ಆದರೆ ತೋರಿಸಲು ಫೋಟೊ ಇಲ್ಲ. ತರುವಾಗಲೇ ಅಂಗಡಿಯವರ ಎದುರಿಗೇ ನಾಲ್ಕೂ ಕಡೆ ಫೋಟೊ ತೆಗೆದುಕೊಳ್ಳಿ. ಸೂಟು ಹಾಕಿ ನಿಮ್ಮದೇ ಬೈಕಿನ ಮೇಲೆ ಕೂತು, ಬಗ್ಗಿ, ಎರಡೂ ಹ್ಯಾಂಡಲ್ ಹಿಡಿದು ನೋಡಿ. ಅದಕ್ಕೆ ಒಪ್ಪದ ಅಂಗಡಿ ಬೇಡ.

ಉಳಿದಿದ್ದು ಬೇಗ ಹೇಳುತ್ತೇನೆ. ಟ್ರ್ಯಾಕ್ ಡೇಗೆ ಬೈಕ್ ಓಡಿಸಿಕೊಂಡೇ ಹೋಗಿದ್ದೆ. ವಾಪಸ್ ಬರುವಾಗ ಕೈ ಜೋಮು ಹಿಡಿದು ವೆಲ್ಲೂರಿನಲ್ಲಿ ಲಾಡ್ಜ್ ಮಾಡಬೇಕಾಯಿತು. ಶಾಲೆಗೆ ಮೂವರು ಸೇರಿ ಟೆಂಪೊ ಮಾಡಿದೆವು, ಹಾಗೇ ಮಾಡಿ. ಬಿದ್ದು ಬ್ರೇಕ್ ಲಿವರ್ ಮುರಿದರೂ ಬೈಕ್ ಮನೆಗೆ ಬರುತ್ತದೆ. ಇನ್ಶೂರೆನ್ಸ್ ನಂಬಬೇಡಿ. ಸಾಮಾನ್ಯ ಪಾಲಿಸಿಯಲ್ಲಿ ರೇಸು, ವೇಗದ ಪರೀಕ್ಷೆ ಎಲ್ಲ ಹೊರಗಿಟ್ಟಿರುತ್ತಾರೆ, ನಿಮ್ಮ ಪಾಲಿಸಿಯ ಆ ಸಾಲು ಓದಿಕೊಂಡೇ ಹೋಗಿ. ಬೈಕ್ ಸಣ್ಣದು ಅಂತ ಹಿಂಜರಿಯಬೇಡಿ. ನನ್ನ ಗುಂಪಿನಲ್ಲಿ ಚೆನ್ನಾಗಿ ಕಲಿತವರಲ್ಲಿ 150 ಸಿಸಿಯವರೂ ಇದ್ದರು.

ದುಡ್ಡು: ಓಡಾಟ, ಲಾಡ್ಜ್ ಎಲ್ಲ ಸೇರಿ ಟ್ರ್ಯಾಕ್ ಡೇಗೆ ನನಗೆ 11,000 ಆಯಿತು, ಗೋ-ಕಾರ್ಟ್ ಕ್ಲಾಸಿಗೆ 5,500, ಶಾಲೆಗೆ ಸೂಟಿನ ಬಾಡಿಗೆ ಮತ್ತು ಹೋದ ಡೆಪಾಸಿಟ್ ಸೇರಿ 38,000. ಗೃಹಸಾಲದ ಕಂತು ಕಟ್ಟುವ ನನ್ನಂಥವನಿಗೆ ಕೊನೆಯದು ದೊಡ್ಡ ಮೊತ್ತ. ಏಳು ತಿಂಗಳು ಕೂಡಿಟ್ಟೆ. ಆದರೂ ಟ್ರ್ಯಾಕ್ ಡೇಯ 11,000ವೇ ನನಗೆ ದುಬಾರಿ ಅನ್ನಿಸುತ್ತದೆ. ಆಗಲೇ ಶಾಲೆಗೆ ಸೇರಿದ್ದರೆ ಆ ಸುತ್ತುಗಳಿಗೆ ಬೆಲೆ ಬರುತ್ತಿತ್ತು. ವೇಗ ಇಷ್ಟ, ತಪ್ಪೇನು ಅಂತ ಆಗಲೇ ಗೊತ್ತು ಅನ್ನುವವರಿಗೆ ಟ್ರ್ಯಾಕ್ ಡೇ ಸರಿ. ಕೈಯಲ್ಲಿ ಆರೇ ಸಾವಿರ ಇದ್ದರೆ ಗೋ-ಕಾರ್ಟ್ ಕ್ಲಾಸಿಗೆ ಹೋಗಿ, ಮೋಸವಿಲ್ಲ. ನನ್ನ ಹಾಗೆ ದಿನಾ ಒಂದೇ ಬೈಕು, ಆಗಾಗ ಘಾಟಿ, ತಿರುವಿನಲ್ಲಿ ಒಳಗೊಳಗೇ ಹೆದರಿಕೆ ಇದ್ದರೆ ಶಾಲೆ.

ಮಳೆ ನಿಂತ ಮೇಲೆ ಚಾರ್ಮಾಡಿಗೆ ಮತ್ತೆ ಹೋಗಿದ್ದೆ. ಅದೇ ಎಡ ತಿರುವಿಗೆ ಮೊದಲಿಗಿಂತ ನಿಧಾನವಾಗಿ ಬಂದೆ, ಥ್ರಾಟಲ್ ತೆರೆಯುತ್ತಾ ನನ್ನ ಲೇನಿನಲ್ಲೇ ಹೊರಗೆ ಬಂದೆ. ತಮ್ಮ ಈಗ ಮುಂದಿನ ಬ್ಯಾಚಿಗೆ ಹೆಸರು ಕೊಟ್ಟಿದ್ದಾನೆ. ಅವನೂ ನನ್ನಷ್ಟೇ ಎತ್ತರ, ನನ್ನ ಎರಡು ಜೊತೆ ಇನ್ನರ್ ಒಗೆದು ಅವನಿಗೆ ಕಳಿಸಿದ್ದೇನೆ.