ಮೂರು ಗಾರ್ಡ್, ಒಂದು ಬೈಕು: ಕೊನೆಗೆ ಉಳಿದದ್ದು ಚಿಕ್ಕದು

ಗೆದ್ದದ್ದು ಚಿಕ್ಕ ಎಂಜಿನ್ ಗಾರ್ಡ್. ಮುಂಭಾಗವನ್ನೆಲ್ಲ ಬಳಸಿಕೊಂಡು ನಿಲ್ಲುವ ದೊಡ್ಡ ಕ್ರ್ಯಾಶ್ ಗಾರ್ಡ್, ಎರಡು ಗುಬುಟುಗಳಂತೆ ಚಾಚಿಕೊಂಡಿರುವ ಫ್ರೇಮ್ ಸ್ಲೈಡರ್, ಎಂಜಿನ್ನಿನ ಕೆಳಪಕ್ಕೆಗೆ ಅಂಟಿದಂತೆ ಕೂರುವ ಚಿಕ್ಕ ಗಾರ್ಡ್, ಈ ಮೂರನ್ನೂ ಒಂದಾದ ಮೇಲೊಂದರಂತೆ ಒಂದೇ ಬೈಕಿಗೆ ಹಾಕಿ ನೋಡಿದ್ದೇನೆ. ಬೈಕು ಸಿಂಗಲ್ ಸಿಲಿಂಡರಿನದು, ಏರ್-ಕೂಲ್ಡ್, ಫೇರಿಂಗ್ (ಮೈಮುಚ್ಚುವ ಪ್ಲಾಸ್ಟಿಕ್ ಹೊದಿಕೆ) ಇಲ್ಲ, ತೂಕ ಹೆಚ್ಚುಕಡಿಮೆ 180 ಕಿಲೋ. ವಯಸ್ಸಾಗಿದೆ. ಮನೆಯವರು ಅದನ್ನು ಮಾರುವ ಮಾತೆತ್ತಿದಾಗಲೆಲ್ಲ ನಾನು ಅದಕ್ಕೊಂದು ಹೊಸ ಬಿಡಿಭಾಗ ತಂದಿದ್ದೇನೆ.

ಹೋಲಿಕೆಗೆ ಮೊದಲು ನನ್ನ ಬೈಕು ಬೀಳುವ ರೀತಿ ಎಂಥದ್ದೆಂದು ತಿಳಿಸಬೇಕು, ಏಕೆಂದರೆ ತೀರ್ಪೆಲ್ಲ ಅದರ ಮೇಲೆಯೇ ನಿಂತಿದೆ. ಅದು ನಿಂತಲ್ಲೇ ಬೀಳುವ ಗಾಡಿ. ಸಡಿಲ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಇಳಿದುಹೋಗುತ್ತದೆ. ಇಕ್ಕಟ್ಟಿನಲ್ಲಿ ಪಕ್ಕದ ಗಾಡಿಯವರು ತಮ್ಮದನ್ನು ಎಳೆಯುವ ಭರದಲ್ಲಿ ಇದನ್ನು ನೂಕುತ್ತಾರೆ. ಇಳಿಜಾರಿನಲ್ಲಿ ಹಿಂದಕ್ಕೆ ತಿರುಗಿಸುವಾಗ ಕಾಲು ನೆಲಕ್ಕೆ ಸಿಗದೆ ವಾಲುತ್ತದೆ. ಹೀಗೆ ಬಿದ್ದಾಗ ನೆಲಕ್ಕೆ ಮೊದಲು ತಾಗುವುದು ಹ್ಯಾಂಡಲಿನ ತುದಿ, ಕ್ಲಚ್ ಅಥವಾ ಬ್ರೇಕ್ ಲಿವರು, ಫುಟ್‌ರೆಸ್ಟು, ಆಮೇಲೆ ಎಂಜಿನ್ನಿನ ಪಕ್ಕದ ಕವರು. ಲಿವರು ಮುರಿದರೆ ಹೊಸದು ಹಾಕಿಕೊಳ್ಳಬಹುದು. ಕವರು ಎರಕದ ಅಲ್ಯೂಮಿನಿಯಂ. ಗೀರಿದರೆ ಸಹಿಸಿಕೊಳ್ಳಬಹುದು, ಬಿರುಕು ಬಿಟ್ಟರೆ ಆಯಿಲ್ ಸೋರಿ ಗಾಡಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಗಾರ್ಡ್ ಎನ್ನುವುದು ಆ ಕವರನ್ನು ಕಾಯಬೇಕು. ಉಳಿದದ್ದೆಲ್ಲ ಲಾಭ.

ಮೊದಲು ಬಂದದ್ದು ದೊಡ್ಡ ಗಾರ್ಡ್. ನೋಡಲು ಭರ್ಜರಿ, ದಪ್ಪ ಪೈಪು, ಎದುರಿನಿಂದ ಬೈಕಿಗೆ ಒಂದು ಗತ್ತು ಬರುತ್ತದೆ. ಒಮ್ಮೆ ಅದರ ಮೇಲೆಯೇ ಬೈಕು ಮಗುಚಿದಾಗ ಟ್ಯಾಂಕಿಗೆ ಒಂದು ಗೀರೂ ಬೀಳಲಿಲ್ಲ. ಪೈಪಿನ ಮೇಲೆ ಬೊಟ್ಟಿನಷ್ಟು ಬಣ್ಣ ಹೋಯಿತು, ಅಷ್ಟೇ. ಕಾಯುವ ಕೆಲಸದಲ್ಲಿ ಅದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಆದರೂ ಬಿಚ್ಚಿಟ್ಟಿದ್ದೇನೆ. ಕಾರಣ ಒಂದು ತೂತು.

ಆ ಗಾರ್ಡನ್ನು ನಾಲ್ಕು ಕಡೆ ಬಿಗಿಯಬೇಕು. ಮೇಲೆ ಎರಡು, ಕೆಳಗೆ ಎರಡು. ಮೇಲಿನವು ಸರಿಯಾಗಿ ಕೂತವು, ಕೆಳಗಿನ ಬಲಭಾಗವೂ ಕೂತಿತು. ಎಡಗಡೆಯ ಫ್ಲೇಂಜ್ (ಬೋಲ್ಟು ತೂರಲು ತೂತಿರುವ ಗಾರ್ಡಿನ ಚಪ್ಪಟೆ ತುದಿ) ಮಾತ್ರ ಫ್ರೇಮಿನ ಕಿವಿಯಿಂದ ಮೂರು ಮಿಲಿಮೀಟರಿನಷ್ಟು ದೂರ ನಿಂತಿತು. ಮೂರು ಮಿಲಿಮೀಟರು ಎಂದರೆ ಎರಡು ವಾಷರಿನ ದಪ್ಪ. ಅಂಗಡಿಯಲ್ಲಿ ಗಾರ್ಡ್ ಹಾಕುತ್ತಿದ್ದ ಹುಡುಗ ಅದನ್ನು ಸಮಸ್ಯೆ ಎಂದೇ ಪರಿಗಣಿಸಲಿಲ್ಲ. ಪೈಪಿಗೆ ಮೊಣಕಾಲು ಕೊಟ್ಟು ಒತ್ತಿ, ಬೋಲ್ಟು ತೂರಿಸಿ, ಸ್ಪ್ಯಾನರಿನ ಹಿಡಿಗೆ ಇನ್ನೊಂದು ಪೈಪು ಸಿಕ್ಕಿಸಿ ಬಿಗಿದ. ಫ್ಲೇಂಜ್ ಫ್ರೇಮಿಗೆ ಕಚ್ಚಿಕೊಂಡಿತು. ನೋಡುವವರಿಗೆ ಎಲ್ಲವೂ ನೇರ. ಒಳಗೆ ಮಾತ್ರ ಇಡೀ ಗಾರ್ಡ್ ಹೆದೆಯೇರಿಸಿದ ಬಿಲ್ಲಿನಂತೆ ನಿಂತಿತ್ತು.

ಹೆದ್ದಾರಿಗೆ ಬಂದ ಮೇಲೆ ಅದರ ಗುಣ ತಿಳಿಯಿತು. ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೊಮೀಟರಿನ ಮುಳ್ಳು 4,500 ದಾಟುತ್ತಿದ್ದಂತೆ ಎಡಗಾಲಿನ ಫುಟ್‌ರೆಸ್ಟ್ ಝುಂ ಎನ್ನತೊಡಗಿತು. 5,000ಕ್ಕೆ ಹೋದರೆ ಶಾಂತ, ಮತ್ತೆ ಇಳಿದರೆ ಝುಂ. ನಾನು ಹೆದ್ದಾರಿಯಲ್ಲಿ ಆರಾಮವಾಗಿ ಹೋಗುವ ವೇಗ ಸರಿಯಾಗಿ ಆ 4,500ರಲ್ಲೇ ಬರುತ್ತದೆ. ಶೂ ಹಾಕಿದ್ದರೂ ಅಂಗಾಲು ಜೋಮು ಹಿಡಿಯುತ್ತಿತ್ತು. ಚೈನು ನೋಡಿದೆ, ಸೈಲೆನ್ಸರಿನ ಹಿಡಿಕೆ ನೋಡಿದೆ, ಫುಟ್‌ರೆಸ್ಟಿನ ರಬ್ಬರು ಬದಲಿಸಿದೆ. ಗಾರ್ಡ್ ಬಿಚ್ಚಿ ಓಡಿಸಿದಾಗ ಸದ್ದು ಮಾಯ.

ಇದರಲ್ಲಿ ಪವಾಡವೇನೂ ಇಲ್ಲ. ನಿಮಿಷಕ್ಕೆ 4,500 ಸುತ್ತು ಎಂದರೆ ಸೆಕೆಂಡಿಗೆ 75. ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಏರಿಳಿತದಿಂದ ಹುಟ್ಟುವ ಮುಖ್ಯ ನಡುಕ ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ದಂಡ) ಪ್ರತಿ ಸುತ್ತಿಗೂ ಸರಿಯಾಗಿ ಒಂದರಂತೆ ಬರುತ್ತದೆ. ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇದ್ದರೂ ಅಷ್ಟಿಷ್ಟು ಉಳಿಯುತ್ತದೆ. ಹಾಗೆಯೇ ಪ್ರತಿಯೊಂದು ಪೈಪಿಗೂ ತನ್ನದೇ ಆದ ನಡುಕದ ಲಯವಿರುತ್ತದೆ. ಅದು ಎಷ್ಟು ಉದ್ದ, ಎಷ್ಟು ದಪ್ಪ, ಅದರ ತುದಿಗಳನ್ನು ಹೇಗೆ ಹಿಡಿದಿದ್ದೇವೆ ಎಂಬುದರ ಮೇಲೆ ಆ ಲಯ ನಿಲ್ಲುತ್ತದೆ. ಇವೆರಡೂ ಹೊಂದಿಕೊಂಡರೆ ಗಾರ್ಡ್ ಹಾಡತೊಡಗುತ್ತದೆ. ನಾನು ಎಡ ಫ್ಲೇಂಜಿನ ಸಂದಿಗೆ ವಾಷರ್ ತುಂಬಿ, ಎಲ್ಲ ಬೋಲ್ಟುಗಳನ್ನೂ ಬೆರಳಿನಲ್ಲಿ ತಿರುಗುವಷ್ಟು ಸಡಿಲ ಬಿಟ್ಟು, ಗಾರ್ಡ್ ತಾನಾಗಿ ಕೂತ ಮೇಲೆ ಒಂದು ಬದಿಗೆ ಸ್ವಲ್ಪ, ಇನ್ನೊಂದು ಬದಿಗೆ ಸ್ವಲ್ಪ ಎಂದು ಬಿಗಿದು ನೋಡಿದೆ. ಸದ್ದು ಅರ್ಧಕ್ಕರ್ಧ ತಗ್ಗಿತು, ಜೊತೆಗೆ 4,500 ಬಿಟ್ಟು ಇನ್ನೂ ಮೇಲಕ್ಕೆ ಹೋಯಿತು. ಪೂರ್ತಿ ಹೋಗಲಿಲ್ಲ.

ಇನ್ನೊಂದು ಗುಟ್ಟು ಆ ಬೋಲ್ಟಿನಲ್ಲೇ ಇತ್ತು. ಇಂಥ ಬಹುತೇಕ ಗಾರ್ಡ್‌ಗಳಿಗೆ ಫ್ರೇಮಿನಲ್ಲಿ ಬೇರೆ ಜಾಗವಿರುವುದಿಲ್ಲ. ಎಂಜಿನ್ನನ್ನು ಫ್ರೇಮಿಗೆ ಹಿಡಿದಿರುವ ಬೋಲ್ಟನ್ನೇ ತೆಗೆದು, ಕೊಂಚ ಉದ್ದದ ಬೋಲ್ಟು ಹಾಕಿ, ಗಾರ್ಡನ್ನು ಅದಕ್ಕೇ ಸಿಕ್ಕಿಸುತ್ತಾರೆ. ಹಾಗಾಗಿ ಗಾರ್ಡ್ ಹಾಕುವುದೆಂದರೆ ಎಂಜಿನ್ನಿನ ಹಿಡಿತಕ್ಕೆ ಕೈ ಹಾಕಿದಂತೆ. ಎಂಜಿನ್ನಿನ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಡದೆ ಆ ಬೋಲ್ಟು ಎಳೆಯಬಾರದು, ಎರಡು ಬೋಲ್ಟುಗಳನ್ನು ಒಟ್ಟಿಗೆ ತೆಗೆಯಲೂಬಾರದು. ಎಂಜಿನ್ ಒಂದೆಳೆ ಇಳಿದರೂ ಹೊಸ ಬೋಲ್ಟು ತೂತಿಗೆ ಹೋಗುವುದಿಲ್ಲ, ಸುತ್ತಿಗೆಯಿಂದ ಹೊಡೆದರೆ ಬೋಲ್ಟಿನ ಮರೆ, ಅಂದರೆ ಸುರುಳಿ ಗೀರು, ಕೆಡುತ್ತದೆ. ಗಾರ್ಡಿನ ಜೊತೆ ಬಂದ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಚ್ಚು (ಬೋಲ್ಟಿನ ಗಟ್ಟಿತನದ ದರ್ಜೆ) ಇದೆಯೇ ನೋಡಿ. ಏನೂ ಇಲ್ಲದಿದ್ದರೆ ಅದನ್ನು ಎಂಜಿನ್ನಿಗೆ ಹಾಕಬೇಡಿ. ಬಿಗಿಯುವ ಅಳತೆ ಬೈಕಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ ಎಂಟು ಮಿಲಿಮೀಟರ್ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್, ಹತ್ತರದಕ್ಕೆ 45ರಿಂದ 50. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೆ ಇದು ಎಲ್ಲಿಗೆ ಮುಟ್ಟುತ್ತದೋ ಆ ಹುಡುಗನಿಗೇ ಗೊತ್ತು. ಮರೆಗೆ, ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಸಾಕು. ಕೆಂಪು ಹಾಕಿದರೆ ಬಿಚ್ಚುವ ದಿನ ಬಿಸಿ ಕೊಡಬೇಕಾಗುತ್ತದೆ.

ದೊಡ್ಡ ಗಾರ್ಡಿನ ಇನ್ನೊಂದು ಕಿರಿಕಿರಿ: ಅದರ ಅಡ್ಡ ಪೈಪು ಆಯಿಲ್ ಫಿಲ್ಟರಿನ ಮುಚ್ಚಳದ ಎದುರಿಗೇ ಬರುತ್ತದೆ. ಆಯಿಲ್ ನಾನೇ ಬದಲಿಸುವವನು. ಪ್ರತಿ ಸಲ ಅರ್ಧ ಗಾರ್ಡ್ ಕಳಚುವ ತಾಳ್ಮೆ ನನ್ನಲ್ಲಿಲ್ಲ.

ಫ್ರೇಮ್ ಸ್ಲೈಡರ್ ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ್ದು. ಹಗುರ, ಕಣ್ಣಿಗೆ ಬೀಳುವುದಿಲ್ಲ, ನಡುಕವಿಲ್ಲ, ಚಹರೆ ಕೆಡಿಸುವುದಿಲ್ಲ. ಒಳ್ಳೆಯವನ್ನು ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಡುಪಾಂಟ್ ಕಂಪನಿ 1960ರಲ್ಲಿ ಡೆಲ್ರಿನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ವಸ್ತು ಇದೇ. ಸವೆತ ಕಡಿಮೆ, ಮೇಲ್ಮೈ ನುಣುಪು. ವೇಗದಲ್ಲಿ ಬಿದ್ದ ಬೈಕು ನಯವಾದ ಟಾರಿನ ಮೇಲೆ ಇದರ ಮೇಲೆ ಜಾರಿಕೊಂಡು ಹೋಗುತ್ತದೆ. ರೇಸ್ ಟ್ರ್ಯಾಕಿನವರು ಇದನ್ನು ನಂಬುವುದಕ್ಕೆ ಅದೇ ಕಾರಣ. ನನ್ನ ಬೈಕು ಜಾರುವುದಿಲ್ಲ, ದೊಪ್ಪೆಂದು ಬೀಳುತ್ತದೆ. ಆಗ ಬೈಕಿನ ಭಾರವೆಲ್ಲ ಹೊರಚಾಚಿದ ಆ ಗುಬುಟಿನ ತುದಿಗೆ ಬಂದು, ಅದನ್ನು ಹಿಡಿದಿರುವ ಒಂದೇ ಒಂದು ಬೋಲ್ಟಿಗೆ ಸನ್ನೆಕೋಲು ಹಾಕಿದಂತಾಗುತ್ತದೆ. ಎಡಗಡೆಯದು ಹಾಗೆಯೇ ಬಾಗಿತು. ಬಾಗಿದ ಬೋಲ್ಟನ್ನು ಎಂಜಿನ್ ಮೌಂಟಿನಿಂದ ಹೊರತೆಗೆಯಲು ಮೆಕ್ಯಾನಿಕ್ ಪಟ್ಟ ಪಾಡು ನೋಡಿ, ಸ್ಲೈಡರಿಗಿಂತ ಕವರಿನ ಗೀರೇ ಅಗ್ಗವೆನಿಸಿತು. ಕವರು ಉಳಿಯಿತೇ ಎಂದರೆ ಅದೂ ಇಲ್ಲ: ಸ್ಲೈಡರ್ ಎತ್ತರದಲ್ಲಿ ಕೂರುತ್ತದೆ, ಕವರಿನ ಕೆಳ ಅಂಚು ನೆಲ ಮುಟ್ಟಿತ್ತು. ಗುಂಡಿಯ ಅಂಚಿಗೋ ಫುಟ್‌ಪಾತಿನ ಕಲ್ಲಿಗೋ ಸಿಕ್ಕಿಕೊಂಡರೆ ಜಾರಬೇಕಾದ ಬೈಕು ಪಲ್ಟಿ ಹೊಡೆಯುವ ಸಾಧ್ಯತೆಯೂ ಇದೆ.

ಚಿಕ್ಕ ಗಾರ್ಡನ್ನು ಕೈಯಲ್ಲಿ ಹಿಡಿದಾಗಲೇ ನನ್ನ ಕಣ್ಣು ಹೋದದ್ದು ಅದರ ಫ್ಲೇಂಜಿಗೆ. ದುಂಡು ತೂತಿನ ಬದಲು ಉದ್ದನೆಯ ಸೀಳು. ಬೆರಳಿನ ಉಗುರಿನಷ್ಟು ಉದ್ದ. ತಯಾರಿಸಿದವನಿಗೆ ಯಾವ ಎರಡು ಫ್ರೇಮುಗಳೂ ಒಂದೇ ಅಳತೆಗೆ ಬರುವುದಿಲ್ಲ ಎಂದು ಗೊತ್ತಿತ್ತು. ಅದರ ಜೊತೆ ಬಂದ ಡಬ್ಬಿಯಲ್ಲಿ ಸಂದಿ ತುಂಬಲು ಒಂದು, ಎರಡು ಮಿಲಿಮೀಟರಿನ ಸ್ಪೇಸರುಗಳೂ ಇದ್ದವು. ಹಾಕುವಾಗ ಯಾವುದನ್ನೂ ಒತ್ತಬೇಕಾಗಲಿಲ್ಲ, ಬೋಲ್ಟುಗಳು ಬೆರಳಿನಲ್ಲೇ ಕೊನೆಯವರೆಗೂ ತಿರುಗಿದವು. ಗಾರ್ಡ್ ಸರಿಯಾಗಿ ಕೂತಿದೆ ಎನ್ನುವುದಕ್ಕೆ ನನಗೆ ಗೊತ್ತಿರುವ ಗುರುತು ಇದೊಂದೇ. 4,500ರಲ್ಲಿ ಫುಟ್‌ರೆಸ್ಟ್ ಮೌನ.

ಪೈಪು ದೊಡ್ಡದಕ್ಕಿಂತ ತೆಳ್ಳಗಿದೆ, ಆದರೆ ಅದರ ಸುತ್ತು ಚಿಕ್ಕದು. ಉದ್ದ ಕಡಿಮೆಯಾದಷ್ಟೂ ಪೈಪು ಬಿಗುವಾಗಿರುತ್ತದೆ. ಅತಿ ಅಗಲವಾದ ಕಡೆ ಒಂದು ನೈಲಾನ್ ಬಿಲ್ಲೆಯಿದೆ. ಬೈಕು ಬಿದ್ದಾಗ ನೆಲಕ್ಕೆ ತಾಗುವುದು ಅದು. ಸವೆದರೆ ಒಂದು ಸ್ಕ್ರೂ ಬಿಚ್ಚಿ ಬೇರೆ ಹಾಕಬಹುದು. ಆಯಿಲ್ ಡ್ರೇನ್ ಬೋಲ್ಟಿಗೂ ಫಿಲ್ಟರಿಗೂ ಕೈ ಆಡುತ್ತದೆ. ಇದರ ಮಿತಿಯೂ ಇದೆ: ಟ್ಯಾಂಕನ್ನು ಇದು ಕಾಯುವುದಿಲ್ಲ. ಹ್ಯಾಂಡಲ್ ತಿರುಗಿ ಟ್ಯಾಂಕಿಗೆ ಬಡಿದರೆ ತಗ್ಗು ಬಿದ್ದೇ ಬೀಳುತ್ತದೆ. ಹ್ಯಾಂಡಲ್ ತುದಿಗೆ ದಪ್ಪ ಬಾರ್-ಎಂಡ್ ಹಾಕಿ, ಲಿವರುಗಳ ಕ್ಲಾಂಪನ್ನು ಬಿದ್ದರೆ ಹೊರಳಿಕೊಳ್ಳುವಷ್ಟು ಮಾತ್ರ ಬಿಗಿದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಲೋಹದ ವಿಚಾರ. ಅಲ್ಯೂಮಿನಿಯಂ ಉಕ್ಕಿನ ಮೂರನೆಯ ಒಂದು ಭಾಗದಷ್ಟು ತೂಗುತ್ತದೆ, ಆದರೆ ಬಿಗುವೂ ಅಷ್ಟೇ ಕಡಿಮೆ. ಬೆಲೆ ಮಾತ್ರ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲ್ ಹೊಳೆಯುತ್ತದೆ, ಆದರೆ ನೀರು ನಿಲ್ಲುವ ಕಡೆ ಅಲ್ಯೂಮಿನಿಯಂ ಎಂಜಿನ್ನಿಗೆ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ನನ್ನದು ಪೌಡರ್ ಕೋಟಿಂಗ್ ಮಾಡಿದ ಸಾದಾ ಉಕ್ಕು. ಇದರ ಶತ್ರು ತುಕ್ಕು. ಅದು ಹೊರಗಿನಿಂದ ಬರುವುದಕ್ಕಿಂತ ಪೈಪಿನ ಒಳಗೆ, ವೆಲ್ಡಿಂಗ್ ಮಾಡಿದ ಕಡೆಯಿಂದ ಶುರುವಾಗುತ್ತದೆ. ಅಡಿಯಲ್ಲಿ ನೀರಿಳಿಯುವ ತೂತು ಇರಬೇಕು. ಇದ್ದರೆ ಮಳೆಗಾಲಕ್ಕೆ ಮೊದಲು ಅದರೊಳಗೆ ತುಕ್ಕುನಿರೋಧಕ ಮೇಣದ ಸ್ಪ್ರೇ ಹೊಡೆದುಬಿಡಿ.

ದೊಡ್ಡ ಗಾರ್ಡಿನ ಪರವಾಗಿ ಎಲ್ಲರೂ ಹೇಳುವ ಮಾತು ಅದು ಕಾಲು ಉಳಿಸುತ್ತದೆ ಎಂಬುದು. ಅದಕ್ಕೇ ‘ಲೆಗ್ ಗಾರ್ಡ್’ ಎಂಬ ಹೆಸರೂ ಬಂದಿದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಕೊಟ್ಟ ವರದಿ ಈ ನಂಬಿಕೆಗೆ ಒಪ್ಪುವುದಿಲ್ಲ. ಕ್ರ್ಯಾಶ್ ಬಾರ್ ಇದ್ದಾಗ ಪಾದ ಮತ್ತು ಹಿಮ್ಮಡಿಗಂಟಿನ ಗಾಯ ಕಡಿಮೆಯಾಗುತ್ತದೆ, ಆದರೆ ತೊಡೆ, ಮಂಡಿ, ಮೊಣಕಾಲ ಕೆಳಭಾಗದ ಗಾಯಗಳು ಹೆಚ್ಚಿ ಲೆಕ್ಕ ಸರಿದೂಗಿಬಿಡುತ್ತದೆ ಎನ್ನುತ್ತದೆ ಅದು. ನಾನು ಗಾರ್ಡನ್ನು ಬೈಕಿಗಾಗಿ ಹಾಕಿಸುತ್ತೇನೆ. ಕಾಲಿಗೆ ಬೂಟು, ಮಂಡಿಗೆ ನೀ ಗಾರ್ಡ್.

ಉಳಿದ ಸರಂಜಾಮುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್ನಿನ ಅಡಿಗೆ ಹಾಕುವ ಬ್ಯಾಶ್ ಪ್ಲೇಟ್ ಕಲ್ಲುಹಾದಿಗೆ ಹೋಗುವವರಿಗೆ ಬೇಕು. ಟಾರು ರಸ್ತೆಯವರಿಗೆ ಅದು ಕೆಸರು ತುಂಬಿಡುವ ತಟ್ಟೆ. ಹ್ಯಾಂಡ್ ಗಾರ್ಡ್ ಚಳಿಗಾಳಿಗೂ ಲಿವರಿಗೂ ಒಳ್ಳೆಯದು, ಒಳಗೆ ಲೋಹದ ಪಟ್ಟಿಯಿದ್ದರೆ ಮಾತ್ರ. ಟ್ಯಾಂಕ್ ಪ್ಯಾಡ್ ಹಾಕಿಸಿ, ಬೆಲ್ಟಿನ ಬಕಲ್ಲಿನ ಗೀರು ತಪ್ಪುತ್ತದೆ. ಹೆಡ್‌ಲೈಟಿನ ಜಾಲರಿ ಬೆಳಕು ತಿನ್ನುತ್ತದೆ, ನನಗೆ ಬೇಡ.

ನೀವು ಟ್ರ್ಯಾಕಿಗೆ ಹೋಗುವವರಾದರೆ ಸ್ಲೈಡರ್ ಹಾಕಿಸಿ. ಭಾರದ ಪ್ರವಾಸಿ ಬೈಕು ಇದ್ದು, ಅದನ್ನು ಒಬ್ಬರೇ ಎತ್ತಿ ನಿಲ್ಲಿಸಬೇಕಾದವರಿಗೆ ದೊಡ್ಡ ಗಾರ್ಡ್ ಸರಿ. ಬಿದ್ದ ಬೈಕು ಪೂರ್ತಿ ಮಲಗುವುದಿಲ್ಲ, ಎತ್ತುವುದು ಸುಲಭ. ನನ್ನಂತೆ ಇಕ್ಕಟ್ಟಿನಲ್ಲಿ ನಿಲ್ಲಿಸಿ, ಆಯಿಲ್ ತಾನೇ ಬದಲಿಸಿ, ತಿಂಗಳ ಕೊನೆಯಲ್ಲಿ ಕಿಸೆ ಮುಟ್ಟಿ ನೋಡಿಕೊಳ್ಳುವವರಿಗೆ ಚಿಕ್ಕದೇ ಸಾಕು. ಮೂರರಲ್ಲಿ ಕಡಿಮೆ ಖರ್ಚಿನದು ಸ್ಲೈಡರ್ ಎಂದು ಕಾಣುತ್ತದೆ, ಬಾಗಿದ ಬೋಲ್ಟು ತೆಗೆಸಿದ ಕೂಲಿ ಸೇರಿಸಿದರೆ ಅದೇ ದುಬಾರಿ. ಯಾವುದನ್ನೇ ಹಾಕಿಸಿದರೂ ಮೊದಲ ಐನೂರು ಕಿಲೋಮೀಟರ್ ಆದ ಮೇಲೆ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಹೊಸ ಬಣ್ಣ ಒತ್ತಿಕೊಂಡು ಬಿಗಿ ಇಳಿದಿರುತ್ತದೆ. ಹಣ ಕೊಡುವ ಮೊದಲು ಗಾರ್ಡನ್ನು ನಿಮ್ಮ ಬೈಕಿಗೆ ಬರಿಗೈಯಲ್ಲಿ ಹಿಡಿಸಿ ನೋಡಿ, ಎಲ್ಲ ತೂತುಗಳೂ ಎದುರುಬದುರು ಬರುತ್ತವೆಯೇ ಎಂದು. ಅಂಗಡಿಯವರು ಅದಕ್ಕೆ ಒಪ್ಪದಿದ್ದರೆ, ಅಥವಾ ಮೊಣಕಾಲು ಮುಂದೆ ತಂದರೆ, ಬೈಕಿನ ಕೀಲಿ ಎತ್ತಿಕೊಂಡು ಹೊರಟುಬಿಡಿ.